ಮನೆ ಸರಿಯಿತು, ಮಣ್ಣು ಉಳಿಯಿತು: ಮಿಡ್‌ವೇ ಮನೆಯ ಕಥೆ

'ಮನೆ ಬದಲಾಯಿಸಿದೆವು' ಎಂದು ನಾವು ಹೇಳುವುದುಂಟು. ಪಾತ್ರೆ ಪಗಡೆ, ಹಾಸಿಗೆ, ಪುಸ್ತಕದ ಗಂಟು, ಗ್ಯಾಸ್ ಸಿಲಿಂಡರುಗಳನ್ನು ಲಾರಿಗೆ ಹೇರಿ ಇನ್ನೊಂದು ಬೀದಿಗೆ ಹೋಗುತ್ತೇವೆ. ಮನೆ ಮಾತ್ರ ಇದ್ದಲ್ಲಿಯೇ ಇರುತ್ತದೆ. ಆದರೆ ಗೋಡೆ, ಕಿಟಕಿ, ಮೆಟ್ಟಿಲು, ಮಾಡು ಎಲ್ಲವನ್ನೂ ಹೊತ್ತು ಮನೆಯೇ ಹೊರಟುಬಿಟ್ಟರೆ?

2005ರಲ್ಲಿ ಅಮೆರಿಕದ ನಾರ್ತ್ ಕರೊಲಿನ ರಾಜ್ಯದಲ್ಲಿ ಇಂಥದೊಂದು ಪ್ರಸಂಗ ನಡೆಯಿತು. 1848ರಲ್ಲಿ ಕಟ್ಟಿದ, ಮಿಡ್‌ವೇ ಎಂಬ ಹೆಸರಿನ ಎರಡಂತಸ್ತಿನ ಮರದ ಮನೆಯೊಂದನ್ನು ತಳಪಾಯದಿಂದ ಬಿಡಿಸಿ, ಚಕ್ರಗಳ ಮೇಲೆ ಕೂರಿಸಿ, ಹೊಲ ಬಯಲುಗಳನ್ನು ದಾಟಿಸಿ, ಕೆಲವು ಕಿಲೋಮೀಟರು ದೂರದ ಹೊಸ ಜಾಗದಲ್ಲಿ ನಿಲ್ಲಿಸಲಾಯಿತು. ಇದು ಎಂಜಿನಿಯರಿಂಗಿನ ಒಳ್ಳೆಯ ಪಾಠ. ಅಷ್ಟೇ ಆಗಿದ್ದರೆ ಜಾಕ್, ಚಕ್ರ, ಘರ್ಷಣೆಗಳ ಲೆಕ್ಕ ಹೇಳಿ ಲೇಖನವನ್ನು ಮುಗಿಸಬಹುದಿತ್ತು. ಆದರೆ ಅದು ಗುಲಾಮರ ದುಡಿಮೆಯ ಮೇಲೆ ನಿಂತಿದ್ದ ಮನೆ. ಅಂಥ ಮನೆಯನ್ನು ಸರಿಸಿದಾಗ ಅದರ ಇತಿಹಾಸವೂ ಜೊತೆಗೆ ಸರಿಯುತ್ತದೆಯೇ? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಿ.

ಯುದ್ಧಕ್ಕೆ ಮುಂಚಿನ ಮನೆ

ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಅಂತರ್ಯುದ್ಧಕ್ಕೆ (1861-65) ಮೊದಲು ಕಟ್ಟಿದ ಜಮೀನ್ದಾರರ ಮನೆಗಳನ್ನು 'ಆಂಟೆಬೆಲಂ' ಮನೆಗಳೆಂದು ಕರೆಯುತ್ತಾರೆ. ಇದು ಲ್ಯಾಟಿನ್ ಮೂಲದ ಪದ. 'ಯುದ್ಧಕ್ಕೆ ಮುಂಚಿನ' ಎಂದು ಅದರ ಅರ್ಥ. ಎದುರಿಗೆ ಕಂಬಗಳ ಮೊಗಸಾಲೆ, ಬಿಳಿಯ ಬಣ್ಣ, ಎತ್ತರದ ಕಿಟಕಿಗಳು, ಎರಡೂ ಬದಿಗೆ ಸಮನಾಗಿ ಜೋಡಿಸಿದ ಕೋಣೆಗಳು - ಗ್ರೀಕ್ ದೇವಾಲಯಗಳನ್ನು ನೆನಪಿಸುವ ಈ ಶೈಲಿ 19ನೆಯ ಶತಮಾನದ ಮಧ್ಯಭಾಗದಲ್ಲಿ ಅಲ್ಲಿ ಬಹಳ ಪ್ರಚಾರದಲ್ಲಿತ್ತು. ಮಿಡ್‌ವೇ ಕೂಡ ಇದೇ ಶೈಲಿಯದು.

ರಾಜಧಾನಿ ರಾಲಿಗೆ ಪೂರ್ವದಲ್ಲಿ, ಈಗ ನೈಟ್‌ಡೇಲ್ ಎನ್ನುವ ಪಟ್ಟಣವಿರುವ ಪ್ರದೇಶದಲ್ಲಿ, ಹಿಂಟನ್ ಎಂಬ ಕುಟುಂಬ 18ನೆಯ ಶತಮಾನದಿಂದಲೂ ಸಾವಿರಾರು ಎಕರೆ ಭೂಮಿಯನ್ನು ಹೊಂದಿತ್ತು. ಚಾರ್ಲ್ಸ್ ಲೂಯಿಸ್ ಹಿಂಟನ್ ನಾರ್ತ್ ಕರೊಲಿನ ರಾಜ್ಯದ ಖಜಾಂಚಿಯಾಗಿದ್ದವರು. ಅವರು ತಮ್ಮ ಮಗ ಡೇವಿಡ್‌ನ ಮದುವೆಯ ಉಡುಗೊರೆಯಾಗಿ ಈ ಮನೆಯನ್ನು ಕಟ್ಟಿಸಿದರು. ಕುಟುಂಬದ ಬೇರೆ ಎರಡು ಪ್ಲಾಂಟೇಷನ್ನುಗಳ ನಡುವೆ, ಅರ್ಧದಾರಿಯಲ್ಲಿದ್ದುದರಿಂದ ಇದಕ್ಕೆ ಮಿಡ್‌ವೇ ಎಂದು ಹೆಸರಾಯಿತು. ಈ ಸಂಗತಿಯನ್ನು ನೆನಪಿಡಿ. ಮನೆಗೆ ಹೆಸರು ಬಂದದ್ದೇ ಅದು ನಿಂತ ಜಾಗದಿಂದ.

'ಪ್ಲಾಂಟೇಷನ್' ಎಂದಾಗ ನಮ್ಮ ಕಣ್ಣಿಗೆ ಕೊಡಗಿನ ಕಾಫಿ ತೋಟ ಕಾಣಿಸುತ್ತದೆ. ಅಲ್ಲಿ ಆ ಪದದ ಅರ್ಥ ಬೇರೆ. ಕೊಂಡು ಮಾರಬಹುದಾದ ಮನುಷ್ಯರಿಂದ ಬಲವಂತವಾಗಿ ದುಡಿಸಿಕೊಳ್ಳುತ್ತಿದ್ದ ದೊಡ್ಡ ಜಮೀನು ಅದು. 1860ರ ಜನಗಣತಿಯ ಪ್ರಕಾರ ಅಮೆರಿಕದಲ್ಲಿ 39,53,760 ಗುಲಾಮರಿದ್ದರು. ನಾರ್ತ್ ಕರೊಲಿನ ಒಂದರಲ್ಲೇ 3,31,059 ಮಂದಿ. ಎಂದರೆ ಆ ರಾಜ್ಯದ ಪ್ರತಿ ಮೂವರಲ್ಲಿ ಒಬ್ಬರು ಇನ್ನೊಬ್ಬರ ಸೊತ್ತು. ಮರ ಕಡಿದವರು, ತೊಲೆ ಕೆತ್ತಿದವರು, ಇಟ್ಟಿಗೆಗೆ ಮಣ್ಣು ತುಳಿದವರು, ಅಡುಗೆ ಮಾಡಿದವರು, ಯಜಮಾನನ ಮಕ್ಕಳಿಗೆ ಹಾಲೂಡಿಸಿದವರು ಇವರೇ.

ಈ ವ್ಯವಸ್ಥೆಯನ್ನು ಬಲಪಡಿಸಿದ್ದರಲ್ಲಿ ಒಂದು ಯಂತ್ರದ ಪಾಲೂ ಇದೆ. 1793ರಲ್ಲಿ ಈಲೈ ವಿಟ್ನಿ ರೂಪಿಸಿದ ಹತ್ತಿ ಬಿಡಿಸುವ ಯಂತ್ರ, ಅಂದರೆ ಜಿನ್, ಬೀಜದಿಂದ ಅರಳೆಯನ್ನು ಬೇರ್ಪಡಿಸುವ ಕೆಲಸವನ್ನು ಬಹಳ ವೇಗಗೊಳಿಸಿತು. ಕೆಲಸ ಕಡಿಮೆಯಾದರೆ ಆಳು ಕಡಿಮೆ ಸಾಕು ಎಂದು ನೀವು ಊಹಿಸಬಹುದು. ನಡೆದದ್ದು ತದ್ವಿರುದ್ಧ. ಹತ್ತಿ ಲಾಭದ ಬೆಳೆಯಾಯಿತು, ಹೊಲಗಳು ಹಬ್ಬಿದವು, ಗುಲಾಮರಿಗೆ ಬೇಡಿಕೆ ಏರಿತು. 1860ರ ವೇಳೆಗೆ ಅಮೆರಿಕದ ರಫ್ತಿನ ಮೌಲ್ಯದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹತ್ತಿಯದಾಗಿತ್ತು.

ಈ ಹತ್ತಿಗೂ ನಮ್ಮ ಧಾರವಾಡಕ್ಕೂ ಒಂದು ನಂಟಿದೆ. ಮ್ಯಾಂಚೆಸ್ಟರಿನ ಗಿರಣಿಗಳಿಗೆ ಬೇಕಾದ ಉದ್ದ ಎಳೆಯ ಹತ್ತಿಯನ್ನು ಭಾರತದಲ್ಲೇ ಬೆಳೆಸಬೇಕೆಂದು ಈಸ್ಟ್ ಇಂಡಿಯ ಕಂಪನಿ 1840ರಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಿಂದ ಹತ್ತು ಮಂದಿ ಬೆಳೆಗಾರರನ್ನು ಕರೆಸಿತು. ಅವರಲ್ಲಿ ಒಬ್ಬರಾದ ಮರ್ಸರ್ ಹುಬ್ಬಳ್ಳಿಯ ಹತ್ತಿರದ ಕುಸುಗಲ್ಲಿನಲ್ಲಿ ಪ್ರಯೋಗದ ಹೊಲ ನಡೆಸಿದರು. ನ್ಯೂ ಆರ್ಲಿಯನ್ಸ್ ತಳಿಯ ಬೀಜ ನಮ್ಮ ಎರೆಮಣ್ಣಿಗೆ ಒಗ್ಗಿಕೊಂಡು 'ಧಾರವಾಡ-ಅಮೆರಿಕನ್' ಹತ್ತಿ ಎಂದು ಹೆಸರಾಯಿತು. ಮಿಡ್‌ವೇ ಮನೆಗೆ ತೊಲೆಗಳು ಏರಿದ್ದೂ ಅದೇ ದಶಕದಲ್ಲಿ. ಬೀಜ ಸಾಗರ ದಾಟಿ ಬಂದಿತು. ಅಲ್ಲಿ ಅದನ್ನು ಬಿತ್ತಿ ಬಿಡಿಸಿದವರ ಕಥೆ ಅದರ ಜೊತೆ ಬರಲಿಲ್ಲ.

ಮನೆಗೆ ಬಂದ ಸಂಕಟ

1865ರಲ್ಲಿ ಯುದ್ಧ ಮುಗಿಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಸಂವಿಧಾನದ 13ನೆಯ ತಿದ್ದುಪಡಿಯಿಂದ ಗುಲಾಮಗಿರಿ ರದ್ದಾಯಿತು. ಮಿಡ್‌ವೇ ಮನೆ ಮಾತ್ರ ಅದೇ ಕುಟುಂಬದ ಕೈಯಲ್ಲಿ ಉಳಿಯಿತು. 1970ರಲ್ಲಿ ಅಮೆರಿಕದ ಚಾರಿತ್ರಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಯಲ್ಲಿ ಅದಕ್ಕೆ ಸ್ಥಾನವೂ ಸಿಕ್ಕಿತು.

ಅಷ್ಟರಲ್ಲಿ ರಾಲಿ ನಗರ ಬೆಳೆಯುತ್ತ ಬಂದಿತ್ತು. ಒಂದು ಕಾಲದಲ್ಲಿ ಕುದುರೆಗಾಡಿ ಹೋಗುತ್ತಿದ್ದ ದಾರಿ ಹೆದ್ದಾರಿಯಾಗಿ ಅಗಲವಾಯಿತು. ಮನೆಯ ಮುಂದೆ ಹಗಲೂ ರಾತ್ರಿ ವಾಹನಗಳ ಸದ್ದು. ಅಕ್ಕಪಕ್ಕದ ಹೊಲಗಳು ಅಂಗಡಿ ಸಾಲುಗಳಾಗತೊಡಗಿದವು. ಮನೆಯ ಆಗಿನ ಒಡೆಯರು ಜಾಗವನ್ನು ವ್ಯಾಪಾರ ಸಂಕೀರ್ಣಕ್ಕೆ ಬಿಟ್ಟುಕೊಟ್ಟು, ಮನೆಯನ್ನೂ ಅದರ ಹೊರಮನೆಗಳನ್ನೂ ಶಾಂತವಾದ ಬೇರೊಂದು ಕಡೆಗೆ ಒಯ್ಯಲು ನಿರ್ಧರಿಸಿದರು. ಒಡೆದು ಹಾಕುವುದಕ್ಕಿಂತ ಒಯ್ಯುವುದು ಮೇಲು ಎಂಬುದು ಅವರ ವಿಚಾರ. ಒಪ್ಪದವರೂ ಇದ್ದಿರಬಹುದು. ಎರಡಕ್ಕೂ ಕಾರಣಗಳಿವೆ ಎಂಬುದನ್ನು ಮುಂದೆ ನೋಡೋಣ.

ಬೀಳುವ ಭಯವೇ, ತಿರುಚುವ ಭಯವೇ?

ಕಟ್ಟಡ ಸಾಗಿಸಲು ಎರಡು ದಾರಿಗಳಿವೆ. ಒಂದು, ಬಿಡಿಬಿಡಿಯಾಗಿ ಕಳಚಿ, ಪ್ರತಿ ಭಾಗಕ್ಕೂ ಗುರುತು ಹಾಕಿ, ಹೊಸ ಜಾಗದಲ್ಲಿ ಮತ್ತೆ ಜೋಡಿಸುವುದು. 1960ರ ದಶಕದಲ್ಲಿ ಈಜಿಪ್ಟಿನ ಅಬು ಸಿಂಬೆಲ್ ದೇವಾಲಯಗಳನ್ನು ಹಾಗೆ ಸಾಗಿಸಿದರು. ಕೃಷ್ಣರಾಜಸಾಗರದಲ್ಲಿ ಮುಳುಗಿದ್ದ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಾಲಯ ಹೊಸ ಜಾಗದಲ್ಲಿ ಎದ್ದುನಿಂತದ್ದೂ ಇದೇ ಕ್ರಮದಿಂದ. ಎರಡನೆಯ ದಾರಿ, ಕಟ್ಟಡವನ್ನು ಇಡಿಯಾಗಿ ಎತ್ತಿ ಸಾಗಿಸುವುದು. ಮಿಡ್‌ವೇ ಈ ಎರಡನೆಯ ದಾರಿ ಹಿಡಿಯಿತು.

ಇಡಿಯ ಮನೆಯನ್ನು ಚಕ್ರದ ಮೇಲಿಟ್ಟಾಗ ನೋಡುವವರಿಗೆಲ್ಲ ಬರುವ ಮೊದಲ ಭಯ, 'ಬಿದ್ದುಹೋದರೆ?' ಒಂದು ಸರಳ ಲೆಕ್ಕ ಮಾಡೋಣ. ಮನೆಯ ಗುರುತ್ವ ಕೇಂದ್ರ ನೆಲದಿಂದ 6 ಮೀಟರ್ ಎತ್ತರದಲ್ಲಿದೆ, ಚಕ್ರಗಳ ಸಾಲುಗಳ ನಡುವಿನ ಅಗಲ 8 ಮೀಟರ್ ಎಂದಿಟ್ಟುಕೊಳ್ಳಿ. ಗುರುತ್ವ ಕೇಂದ್ರದಿಂದ ಇಳಿಬಿಟ್ಟ ಲಂಬರೇಖೆ ಚಕ್ರಗಳ ಸಾಲಿನಿಂದ ಆಚೆ ಹೋದಾಗ ಮನೆ ಉರುಳುತ್ತದೆ. ಅದಕ್ಕೆ ಬೇಕಾದ ಓರೆಯ ಟ್ಯಾಂಜೆಂಟ್ 4/6. ಕೋನ ಸುಮಾರು 34 ಡಿಗ್ರಿ. ಸಾಗಿಸುವ ದಾರಿಯಲ್ಲಿ ಮನೆ 5 ಡಿಗ್ರಿ ವಾಲಿದರೂ ಅದು ದೊಡ್ಡ ಮಾತು. ಆಗ ಗುರುತ್ವ ರೇಖೆ ಸುಮಾರು ಅರ್ಧ ಮೀಟರ್ ಸರಿಯುತ್ತದೆ, ತಗ್ಗಿನ ಬದಿಯ ಚಕ್ರಗಳ ಮೇಲಿನ ಭಾರ ಶೇಕಡಾ 50ರಿಂದ ಸುಮಾರು 56ಕ್ಕೆ ಏರುತ್ತದೆ. ಅಷ್ಟೇ. ಹಾಗಾಗಿ ಮನೆ ಬೀಳುವ ಭಯ ಅಷ್ಟಿಲ್ಲ.

ನಿಜವಾದ ಭಯ ತಿರುಚಿಕೊಳ್ಳುವುದರಲ್ಲಿದೆ. ಒಂದು ಮೂಲೆ ಒಂದೆರಡು ಸೆಂಟಿಮೀಟರ್ ಕುಸಿದರೂ ಗೋಡೆ ಬಾಗುತ್ತದೆ. ಬಾಗಿದ ಗೋಡೆಯ ಒಂದು ಮೈ ಅದುಮಿಕೊಳ್ಳುತ್ತದೆ, ಇನ್ನೊಂದು ಮೈ ಎಳೆತಕ್ಕೆ ಸಿಕ್ಕುತ್ತದೆ. ಇಟ್ಟಿಗೆ ಮತ್ತು ಗಾರೆ ಅದುಮುವಿಕೆಯನ್ನು ತಡೆಯುತ್ತವೆ, ಎಳೆತವನ್ನು ತಡೆಯುವುದಿಲ್ಲ. ಅದಕ್ಕೇ ನೆಲ ಕುಸಿದ ಮನೆಗಳಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಬಿಡುವುದನ್ನು ನೀವು ನೋಡಿರುತ್ತೀರಿ. ಮರದ ಚೌಕಟ್ಟಿನ ಮನೆ ಈ ವಿಷಯದಲ್ಲಿ ಅದೃಷ್ಟಶಾಲಿ. ಕೀಲುಗಳಲ್ಲಿ ಕೊಂಚ ಜರುಗುವ ಅವಕಾಶವಿರುವುದರಿಂದ ಸಣ್ಣ ತಿರುಚನ್ನು ಅದು ಸಹಿಸುತ್ತದೆ. ಆದರೆ ಅದರೊಳಗಿನ ಗಿಲಾವು, ಕಿಟಕಿಯ ಗಾಜು, ಇಟ್ಟಿಗೆಯ ಹೊಗೆಗೂಡು ಸಹಿಸುವುದಿಲ್ಲ.

ಆದ್ದರಿಂದ ಈ ಕೆಲಸದಲ್ಲಿ ಬರುವ ವಿಜ್ಞಾನವೆಲ್ಲ ಒಂದೇ ಗುರಿಗಾಗಿ: ಮನೆಯ ತಳ ಸದಾ ಒಂದೇ ಸಮತಲದಲ್ಲಿರಬೇಕು.

ಎತ್ತುವಾಗ ಒಂದು ನಿಯಮ, ಎಳೆಯುವಾಗ ಇನ್ನೊಂದು

ಮೊದಲು ತಳಪಾಯದ ಗೋಡೆಯಲ್ಲಿ ಅಲ್ಲಲ್ಲಿ ಕಿಂಡಿ ಕೊರೆದು, ಮನೆಯ ಅಡಿಯಲ್ಲಿ ಉಕ್ಕಿನ ತೊಲೆಗಳನ್ನು ತೂರಿಸುತ್ತಾರೆ. ಉದ್ದಕ್ಕೆ ಕೆಲವು, ಅಡ್ಡಕ್ಕೆ ಹಲವು. ತೊಲೆಗಳ ಕೆಳಗೆ ಮರದ ದಿಮ್ಮಿಗಳನ್ನು ಅಡ್ಡಡ್ಡಲಾಗಿ ಪೇರಿಸಿದ ಅಟ್ಟಣೆಗಳು. ಅಟ್ಟಣೆಗಳ ಮೇಲೆ ಹೈಡ್ರಾಲಿಕ್ ಜಾಕುಗಳು. ಜಾಕು ಸ್ವಲ್ಪ ಎತ್ತಿದ ಹಾಗೆ ದಿಮ್ಮಿ ಸೇರಿಸುತ್ತ ಹೋಗುವುದು. ಜಾಕು ಕೈಕೊಟ್ಟರೂ ಮನೆ ದಿಮ್ಮಿಯ ಮೇಲೆ ಕೂರುತ್ತದೆಯೇ ಹೊರತು ನೆಲಕ್ಕೆ ಬೀಳುವುದಿಲ್ಲ.

ನಮ್ಮ ಉದಾಹರಣೆಯ ಮನೆ 200 ಟನ್ ತೂಗುತ್ತದೆ, ಜಾಕುಗಳು 20 ಎಂದುಕೊಳ್ಳಿ. ಸರಾಸರಿ ಒಂದಕ್ಕೆ 10 ಟನ್. ಜಾಕಿನ ಪಿಸ್ಟನ್ನಿನ ವಿಸ್ತೀರ್ಣ 50 ಚದರ ಸೆಂಟಿಮೀಟರ್ ಆದರೆ ಎಣ್ಣೆಯ ಒತ್ತಡ ಚದರ ಸೆಂಟಿಮೀಟರಿಗೆ 200 ಕಿಲೋಗ್ರಾಂ ಭಾರ, ಅಂದರೆ ವಾತಾವರಣದ ಒತ್ತಡದ ಸುಮಾರು 200 ಪಟ್ಟು. ಪಾಸ್ಕಲ್ ನಿಯಮ ಇಲ್ಲಿ ದುಡಿಯುತ್ತಿದೆ.

ಈಗ ಸ್ವಾರಸ್ಯದ ಭಾಗ. ಮನೆಯ ಭಾರ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಹೊಗೆಗೂಡಿರುವ ಕಡೆ ಹೆಚ್ಚು, ಮೊಗಸಾಲೆಯ ಕಡೆ ಕಡಿಮೆ. ಎಲ್ಲ ಜಾಕುಗಳನ್ನೂ ಒಂದೇ ಕೊಳವೆಗೆ ಸೇರಿಸಿ ಒಂದೇ ಒತ್ತಡ ಕೊಟ್ಟರೆ ಏನಾಗುತ್ತದೆ? ಹಗುರವಾದ ಕಡೆ ಮೊದಲು ಮೇಲೇಳುತ್ತದೆ, ಮನೆ ತಿರುಚುತ್ತದೆ. ಅದಕ್ಕಾಗಿ ಒತ್ತಡ ಎಷ್ಟೇ ಇರಲಿ, ಪ್ರತಿ ಜಾಕಿಗೂ ಒಂದೇ ಪ್ರಮಾಣದ ಎಣ್ಣೆಯನ್ನು ತಳ್ಳುವ ಯಂತ್ರವನ್ನು ಬಳಸುತ್ತಾರೆ. ಎಣ್ಣೆಯನ್ನು ಅದುಮಿ ಕುಗ್ಗಿಸುವುದು ಬಹಳ ಕಷ್ಟವಾದ್ದರಿಂದ, ಸಮ ಗಾತ್ರದ ಎಣ್ಣೆ ಹೋದರೆ ಎಲ್ಲ ಪಿಸ್ಟನ್ನುಗಳೂ ಸಮನಾಗಿ ಏರುತ್ತವೆ. ಎತ್ತುವಾಗಿನ ನಿಯಮ ಇದು: ಸಮ ಏರಿಕೆ.

ಎಳೆಯುವಾಗ ನಿಯಮ ತಲೆಕೆಳಗಾಗುತ್ತದೆ. ಹೊಲದ ದಾರಿ ಸಮತಟ್ಟಾಗಿರುವುದಿಲ್ಲ. ಒಂದು ಚಕ್ರ ಗುಂಡಿಗೆ ಇಳಿದರೆ ಅದು ಭಾರ ಹೊರುವುದನ್ನೇ ನಿಲ್ಲಿಸಿಬಿಡಬಹುದು. ಇನ್ನೊಂದು ಕಲ್ಲಿನ ಮೇಲೇರಿದರೆ ಅದರ ಮೇಲೆ ಎರಡು ಪಟ್ಟು ಭಾರ ಬೀಳಬಹುದು. ಅದಕ್ಕೆ ಚಕ್ರದ ಗಾಡಿಗಳ ಮೇಲೂ ಹೈಡ್ರಾಲಿಕ್ ಸಿಲಿಂಡರುಗಳಿರುತ್ತವೆ. ಇವನ್ನು ಗುಂಪು ಮಾಡಿ, ಒಂದು ಗುಂಪಿನೊಳಗಿನ ಎಲ್ಲವನ್ನೂ ಒಂದೇ ಕೊಳವೆಗೆ ಜೋಡಿಸುತ್ತಾರೆ. ಗುಂಡಿಗಿಳಿದ ಚಕ್ರದ ಸಿಲಿಂಡರ್ ಉದ್ದವಾಗುತ್ತದೆ, ದಿಬ್ಬವೇರಿದ್ದು ಗಿಡ್ಡವಾಗುತ್ತದೆ, ಒತ್ತಡ ಮಾತ್ರ ಎಲ್ಲದರಲ್ಲೂ ಒಂದೇ. ಇಲ್ಲಿನ ನಿಯಮ: ಸಮ ಒತ್ತಡ.

ಇಂಥ ಗುಂಪುಗಳು ಎಷ್ಟಿರಬೇಕು? ಮೂರು. ಏಕೆಂಬುದು ನಮ್ಮ ಹಳ್ಳಿಯ ಅಡುಗೆಯವರಿಗೆ ಗೊತ್ತು. ಮದುವೆ ಮನೆಯ ಹಿತ್ತಲಲ್ಲಿ ಒಲೆ ಹೂಡುವಾಗ ಮೂರು ಕಲ್ಲು ಇಡುತ್ತಾರೆ. ಕಲ್ಲುಗಳು ಏರುಪೇರಾಗಿದ್ದರೂ ಹಂಡೆ ಅಲುಗುವುದಿಲ್ಲ, ಏಕೆಂದರೆ ಯಾವುದೇ ಮೂರು ಬಿಂದುಗಳ ಮೂಲಕ ಒಂದು ಸಮತಲ ಹಾದುಹೋಗುತ್ತದೆ. ನಾಲ್ಕನೆಯ ಕಲ್ಲಿಟ್ಟ ಕೂಡಲೇ ಹಂಡೆ ಅಲ್ಲಾಡತೊಡಗುತ್ತದೆ. ಮೂರು ಗುಂಪುಗಳ ಮೇಲೆ ಕುಳಿತ ಮನೆ ಒಟ್ಟಾಗಿ ವಾಲಬಹುದು, ತಿರುಚುವುದಿಲ್ಲ.

ಎಷ್ಟು ಬಲ, ಎಷ್ಟು ವೇಗ?

200 ಟನ್ನಿನ ಮನೆಯನ್ನು ಗಟ್ಟಿ ನೆಲದ ಮೇಲೆ ಚಕ್ರದಲ್ಲಿ ಉರುಳಿಸಲು, ಉರುಳು ಘರ್ಷಣೆಯ ಗುಣಾಂಕ 0.02 ಎಂದು ಹಿಡಿದರೆ, ಸುಮಾರು 4 ಟನ್ ಎಳೆತ ಸಾಕು. ಅದೇ ಮೆತ್ತನೆಯ ಹೊಲದಲ್ಲಿ ಗುಣಾಂಕ 0.15ಕ್ಕೆ ಏರಿದರೆ 30 ಟನ್ ಬೇಕು. ಜೊತೆಗೆ 20ಕ್ಕೆ 1ರಂತೆ ಏರು ಸಿಕ್ಕಿದರೆ ಇನ್ನೂ 10 ಟನ್. ಸಾಗಿಸುವವರು ಮನೆಗಿಂತ ಮೊದಲು ದಾರಿಯನ್ನು ಏಕೆ ಪರೀಕ್ಷಿಸುತ್ತಾರೆಂಬುದು ಈ ಲೆಕ್ಕದಿಂದ ತಿಳಿಯುತ್ತದೆ. ಮಳೆ ಬಿದ್ದರೆ ಕೆಲಸ ನಿಲ್ಲುತ್ತದೆ.

ವೇಗವೂ ಹಾಗೆಯೇ. ಸೆಕೆಂಡಿಗೆ 1 ಮೀಟರಿನಂತೆ ಹೋಗುತ್ತಿರುವ ಮನೆ 0.1 ಸೆಕೆಂಡಿನಲ್ಲಿ ತಟ್ಟನೆ ನಿಂತರೆ ಉಂಟಾಗುವ ಮಂದನ ಸೆಕೆಂಡಿಗೆ ಸೆಕೆಂಡಿಗೆ 10 ಮೀಟರ್, ಅಂದರೆ ಗುರುತ್ವದಷ್ಟೇ! ಮನೆಯ ಪೂರ್ತಿ ತೂಕವನ್ನು ಅಡ್ಡಲಾಗಿ ಹೇರಿದಂತೆ. ವೇಗವನ್ನು ಹತ್ತನೆಯ ಒಂದಕ್ಕೆ ಇಳಿಸಿದರೆ ಈ ಬಲವೂ ಹತ್ತನೆಯ ಒಂದಕ್ಕೆ ಇಳಿಯುತ್ತದೆ. ಮನೆ ಆಮೆಯಂತೆ ಸಾಗುವುದು ಇದಕ್ಕಾಗಿ.

ಈ ವಿದ್ಯೆ ಎಷ್ಟು ದೂರ ಹೋಗಬಲ್ಲದು ಎನ್ನಲು ಎರಡು ನಿದರ್ಶನಗಳು ಸಾಕು. 1930ರಲ್ಲಿ ಇಂಡಿಯಾನಾಪೊಲಿಸ್ ನಗರದಲ್ಲಿ ಎಂಟು ಅಂತಸ್ತಿನ, ಸುಮಾರು 11,000 ಟನ್ನಿನ ದೂರವಾಣಿ ಕಚೇರಿಯನ್ನು ಸರಿಸಿ 90 ಡಿಗ್ರಿ ತಿರುಗಿಸಿದರು. ಒಳಗೆ ಸಿಬ್ಬಂದಿ ಎಂದಿನಂತೆ ಕೆಲಸ ಮಾಡುತ್ತಲೇ ಇದ್ದರು! 1999ರಲ್ಲಿ ನಾರ್ತ್ ಕರೊಲಿನದಲ್ಲೇ, ಸಮುದ್ರ ಕೊರೆತಕ್ಕೆ ಸಿಕ್ಕಿದ್ದ ಕೇಪ್ ಹ್ಯಾಟರಸ್ ದೀಪಸ್ತಂಭವನ್ನು 23 ದಿನಗಳಲ್ಲಿ 2,900 ಅಡಿ ಒಳಕ್ಕೆ ಸರಿಸಲಾಯಿತು. ಇಟ್ಟಿಗೆಯ ಆ ಗೋಪುರದ ತೂಕ ಸುಮಾರು 4,800 ಟನ್. ಹಳಿಗಳ ಮೇಲಿನ ಘರ್ಷಣೆ ತಗ್ಗಿಸಲು ಬಳಸಿದ್ದು ಸಾಮಾನ್ಯ ಮೈಸೋಪು. ಮಿಡ್‌ವೇ ಸರಿದದ್ದು ಇದಾದ ಆರು ವರ್ಷಗಳ ನಂತರ. ತಾಂತ್ರಿಕವಾಗಿ ಅದು ಅಸಾಧಾರಣವೇನೂ ಆಗಿರಲಿಲ್ಲ.

ಮನೆಯ ಜೊತೆಗೆ ಹೋದ ಸಾಕ್ಷ್ಯ

ಹಾಗಾದರೆ ಮೂಲ ಪ್ರಶ್ನೆಗೆ ಬರೋಣ. ಮನೆ ಬಿರುಕಿಲ್ಲದೆ ಹೊಸ ಜಾಗ ತಲುಪಿದರೆ ಅದರ ಇತಿಹಾಸವೂ ತಲುಪಿತೇ?

ಒಂದು ಭಾಗ ಖಂಡಿತ ತಲುಪುತ್ತದೆ. ಮರದಲ್ಲಿ, ಮೊಳೆಯಲ್ಲಿ ಇರುವ ಸಾಕ್ಷ್ಯ ಎಲ್ಲಿಗೆ ಒಯ್ದರೂ ಕೆಡುವುದಿಲ್ಲ. ಮೊಳೆಯನ್ನೇ ನೋಡಿ. 18ನೆಯ ಶತಮಾನದ ಕೊನೆಯವರೆಗೂ ಕಮ್ಮಾರರು ಒಂದೊಂದನ್ನೇ ಬಡಿದು ಮಾಡುತ್ತಿದ್ದರು. ಆಮೇಲೆ ಕಬ್ಬಿಣದ ತಗಡಿನಿಂದ ಯಂತ್ರ ಕತ್ತರಿಸಿದ ಮೊಳೆ ಬಂದಿತು. 19ನೆಯ ಶತಮಾನದ ಕೊನೆಗೆ ಇಂದಿನ ದುಂಡನೆಯ ತಂತಿಮೊಳೆ. ಯಾವ ಹಲಗೆಯಲ್ಲಿ ಯಾವ ಮೊಳೆ ಇದೆ ಎಂದು ನೋಡಿ ಮೂಲ ಭಾಗ ಯಾವುದು, ದುರಸ್ತಿ ಯಾವುದು ಎಂದು ಹೇಳಬಹುದು.

ತೊಲೆಯ ಕಾಲವನ್ನು ಕಾರ್ಬನ್-14ರಿಂದ ತಿಳಿಯಬಹುದಲ್ಲವೇ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಲೆಕ್ಕ ಹಾಕಿ ನೋಡಿ. ಅರ್ಧಾಯುಷ್ಯ 5,730 ವರ್ಷ. 1848ರಿಂದ 2005ರವರೆಗಿನ 157 ವರ್ಷಗಳಲ್ಲಿ ಕ್ಷಯಿಸುವುದು ಶೇಕಡಾ 2ಕ್ಕಿಂತ ಸ್ವಲ್ಪ ಕಡಿಮೆ. ಜೊತೆಗೆ ಕಳೆದ ಮೂರು ಶತಮಾನಗಳಲ್ಲಿ ವಾತಾವರಣದ ಕಾರ್ಬನ್-14 ಪ್ರಮಾಣ ಏರಿಳಿದಿರುವುದರಿಂದ ಒಂದೇ ಅಳತೆಗೆ ಹಲವು ಇಸವಿಗಳು ಹೊಂದುತ್ತವೆ. ಇಷ್ಟು ಹತ್ತಿರದ ಕಾಲಕ್ಕೆ ಆ ಗಡಿಯಾರ ಒದಗುವುದಿಲ್ಲ. ಇಲ್ಲಿ ಒದಗುವುದು ಮರದ ವಾರ್ಷಿಕ ಉಂಗುರಗಳು. ಮಳೆ ಚೆನ್ನಾಗಿದ್ದ ವರ್ಷ ಅಗಲ ಉಂಗುರ, ಬರದ ವರ್ಷ ಕಿರಿದು. ಈ ಸಾಲನ್ನು ಆ ಪ್ರದೇಶದ ತಿಳಿದ ಸಾಲಿನೊಂದಿಗೆ ಹೋಲಿಸಿದರೆ, ತೊಗಟೆಯ ಅಂಚು ಉಳಿದಿದ್ದ ಪಕ್ಷದಲ್ಲಿ, ಮರ ಕಡಿದ ವರ್ಷವನ್ನೇ ಹೇಳಬಹುದು. ಅಂಥ ದಾಖಲೆ ಮನೆಯ ತೊಲೆಗಳೊಳಗೆ ಕುಳಿತು ಜೊತೆಗೇ ಪ್ರಯಾಣ ಮಾಡುತ್ತದೆ.

ಮಣ್ಣಿನಲ್ಲಿ ಉಳಿದ ಸಾಕ್ಷ್ಯ

ಇನ್ನೊಂದು ಭಾಗ ಪ್ರಯಾಣ ಮಾಡುವುದಿಲ್ಲ. ಯಜಮಾನನ ಮನೆಯಲ್ಲಿ ಕಾಗದ ಪತ್ರ, ಚಿತ್ರಪಟ, ಬೆಳ್ಳಿ ಪಾತ್ರೆಗಳಿರುತ್ತಿದ್ದವು. ಗುಲಾಮರಿಗೆ ಓದು ಬರಹ ಕಲಿಸುವುದನ್ನು ನಾರ್ತ್ ಕರೊಲಿನ 1830ರಲ್ಲಿ ಕಾನೂನಿನಿಂದಲೇ ನಿಷೇಧಿಸಿತ್ತು. ಹಾಗಾಗಿ ಅವರ ಬಗ್ಗೆ ಅವರೇ ಬರೆದಿಟ್ಟದ್ದು ಬಲು ವಿರಳ. ಅವರ ದಾಖಲೆ ಇರುವುದು ಹೆಚ್ಚಾಗಿ ನೆಲದಲ್ಲಿ. ಗುಡಿಸಲಿನ ಕಂಬ ನಿಂತಿದ್ದ ಕುಳಿ, ನೆಲದಡಿ ತೋಡಿದ ಸಣ್ಣ ಗುಂಡಿಯಲ್ಲಿ ಬಚ್ಚಿಟ್ಟ ಮಣಿ, ತಿಂದು ಎಸೆದ ಮೂಳೆ, ಒಲೆಯ ಇದ್ದಲು, ಸುಟ್ಟ ಕಾಳು. ವರ್ಜೀನಿಯದ ಮಾಂಟಿಸೆಲೊದಲ್ಲಿ, ಅಧ್ಯಕ್ಷ ಜೆಫರ್ಸನ್ನರ ಬೆಟ್ಟದ ಮೇಲಿನ ಮನೆಯ ಪಕ್ಕದ ಸಾಲಿನಲ್ಲಿ ನಡೆದ ಉತ್ಖನನಗಳು ಅಲ್ಲಿನ ಗುಲಾಮರ ಊಟ, ಕಸುಬು, ವಾಸದ ವಿವರಗಳನ್ನು ಹೀಗೆಯೇ ಹೊರತೆಗೆದವು.

ಮಣ್ಣಿನ ಸಾಕ್ಷ್ಯಕ್ಕೆ ಒಂದು ವಿಶೇಷ ಗುಣವಿದೆ. ಅದರ ಅರ್ಥವೆಲ್ಲ ಸ್ಥಾನದಲ್ಲಿದೆ. ಒಂದು ನೀಲಿ ಮಣಿಯನ್ನು ಮೇಜಿನ ಮೇಲಿಟ್ಟರೆ ಅದು ಬರೀ ಮಣಿ. ಗುಡಿಸಲಿನ ಒಲೆಯ ಪಕ್ಕ, ಇಂಥ ಪದರದಲ್ಲಿ ಸಿಕ್ಕಿತು ಎಂದಾಗ ಅದು ಇತಿಹಾಸ. ಬುಲ್ಡೋಜರ್ ಪದರಗಳನ್ನು ಕಲಸಿದ ಮೇಲೆ ಮಣಿ ಸಿಕ್ಕರೂ ಮಾಹಿತಿ ಸಿಗುವುದಿಲ್ಲ.

ಸರಿಸದೆ ಉಳಿಸಿದರೆ ಏನು ಸಿಗುತ್ತದೆ ಎನ್ನಲು ಅದೇ ರಾಜ್ಯದ ಡರ್ಹಾಮ್ ಬಳಿಯ ಸ್ಟ್ಯಾಗ್‌ವಿಲ್ ಉದಾಹರಣೆ. 1860ರಲ್ಲಿ ಸುಮಾರು 30,000 ಎಕರೆ, ಸುಮಾರು 900 ಗುಲಾಮರಿದ್ದ ದೊಡ್ಡ ಎಸ್ಟೇಟು ಅದು. ಅಲ್ಲಿನ ಹಾರ್ಟನ್ ಗ್ರೋವ್ ಎಂಬಲ್ಲಿ ಗುಲಾಮರು ವಾಸಿಸಿದ್ದ ಎರಡಂತಸ್ತಿನ ಮನೆಗಳು ಇಂದಿಗೂ ತಮ್ಮ ಜಾಗದಲ್ಲೇ ನಿಂತಿವೆ. ಇಟ್ಟಿಗೆಗಳಲ್ಲಿ ಬೆರಳಿನ ಗುರುತುಗಳಿವೆ. ಹಸಿ ಇಟ್ಟಿಗೆಯನ್ನು ಅಚ್ಚಿನಿಂದ ತೆಗೆದು ಬಿಸಿಲಿಗೆ ಇಡುವಾಗ ಒತ್ತಿದ ಬೆರಳುಗಳು. ಹೆಸರು ಬರೆಯಲು ಬಿಡದವರ ಸಹಿ ಎಂದು ಅದನ್ನು ಕರೆಯಬಹುದು.

ಅಮೆರಿಕದ ರಾಷ್ಟ್ರೀಯ ಪಟ್ಟಿಯ ನಿಯಮಗಳೂ ಈ ವ್ಯತ್ಯಾಸವನ್ನು ಬಲ್ಲವು. ಒಂದು ಚಾರಿತ್ರಿಕ ಕಟ್ಟಡದ ಅಖಂಡತೆಯನ್ನು ಅವರು ಏಳು ಅಂಶಗಳಿಂದ ಅಳೆಯುತ್ತಾರೆ: ಸ್ಥಳ, ವಿನ್ಯಾಸ, ಸುತ್ತಲಿನ ಪರಿಸರ, ಸಾಮಗ್ರಿ, ಕುಶಲಕರ್ಮ, ಕಾಲದ ಭಾವ, ವ್ಯಕ್ತಿ ಅಥವಾ ಘಟನೆಯ ಸಂಬಂಧ. ಮನೆಯನ್ನು ಸರಿಸಿದಾಗ ವಿನ್ಯಾಸ, ಸಾಮಗ್ರಿ, ಕುಶಲಕರ್ಮ ಉಳಿಯುತ್ತವೆ. ಸ್ಥಳ ಮತ್ತು ಪರಿಸರ ಹೋಗುತ್ತವೆ. ಉಳಿದೆರಡು ಮಸುಕಾಗುತ್ತವೆ. ಹಾಗಾಗಿ ಸರಿಸಿದ ಕಟ್ಟಡ ಸಾಮಾನ್ಯವಾಗಿ ಪಟ್ಟಿಗೆ ಅರ್ಹವಲ್ಲ. ವಾಸ್ತುಶಿಲ್ಪದ ಮಹತ್ವದಂಥ ಕಾರಣವಿದ್ದರೆ ಮಾತ್ರ ವಿನಾಯಿತಿ.

ಭೌತವಿಜ್ಞಾನದಲ್ಲಿ ನಾವು ಒಂದು ವಸ್ತುವನ್ನು ಇಲ್ಲಿಂದ ಅಲ್ಲಿಗೆ ಸರಿಸಿದರೆ ಅದರ ರಾಶಿ, ಆಕಾರ, ಒಳಗಿನ ಅಂತರಗಳು ಬದಲಾಗುವುದಿಲ್ಲ ಎಂದು ಕಲಿಸುತ್ತೇವೆ. ನಮಗೆ ಆಕಾಶದ ಎಲ್ಲ ಬಿಂದುಗಳೂ ಸಮಾನ. ಇತಿಹಾಸಕ್ಕೆ ಆ ಸಮಾನತೆ ಇಲ್ಲ. ಅಲ್ಲಿ ನಿರ್ದೇಶಾಂಕವೂ ವಸ್ತುವಿನ ಒಂದು ಗುಣವೇ. ಮೊದಲೇ ಹೇಳಿದೆ, ಮಿಡ್‌ವೇ ಎಂದರೆ ಅರ್ಧದಾರಿ. ಮನೆ ಸರಿದ ಮೇಲೆ ಹೆಸರು ಹಾಗೇ ಇದೆ, ಅರ್ಧದಾರಿ ಇಲ್ಲ. ಹಳೆಯ ಜಾಗದಲ್ಲಿ ಎದ್ದ ಅಂಗಡಿಗಳ ಸಂಕೀರ್ಣವೂ ಮಿಡ್‌ವೇ ಪ್ಲಾಂಟೇಷನ್ ಎಂಬ ಹೆಸರನ್ನೇ ಇಟ್ಟುಕೊಂಡಿತು.

ಜನರ ನೆನಪು

ಮಣ್ಣಿನ ಹೊರತು ಇನ್ನೊಂದು ಸಾಕ್ಷ್ಯವಿದೆ, ಅದು ಜನ. ಇದೇ ಮನೆತನದ ಮೇರಿ ಹಿಲಿಯರ್ಡ್ ಹಿಂಟನ್ (1869-1961) ಚಿತ್ರ ಬರೆಯುತ್ತಿದ್ದರು, ರಾಜ್ಯದ ಇತಿಹಾಸ ಪತ್ರಿಕೆಯೊಂದನ್ನು ಸಂಪಾದಿಸಿದ್ದರು, 1920ರಲ್ಲಿ ಮಹಿಳೆಯರ ಮತದಾನದ ಹಕ್ಕನ್ನು ವಿರೋಧಿಸಿದವರ ಮುಂದಾಳಾಗಿದ್ದರು. ಮನೆತನದ ಇತಿಹಾಸ ಬಹುಕಾಲ ಇಂಥವರ ಲೇಖನಿಯಿಂದಲೇ ಬಂದಿತು. ಇನ್ನೊಂದು ಬದಿಯ ದನಿ ತಡವಾಗಿ ದಾಖಲಾಯಿತು. 1936-38ರಲ್ಲಿ ಸರ್ಕಾರಿ ಯೋಜನೆಯೊಂದರಡಿ, ಗುಲಾಮರಾಗಿ ಹುಟ್ಟಿ ಇನ್ನೂ ಬದುಕಿದ್ದ ವೃದ್ಧರ 2,300ಕ್ಕೂ ಹೆಚ್ಚು ನಿರೂಪಣೆಗಳನ್ನು ಬರೆದುಕೊಳ್ಳಲಾಯಿತು. ನಾರ್ತ್ ಕರೊಲಿನದ ಸಂಪುಟದಲ್ಲಿ ಹಿಂಟನ್ ಎಂಬ ಅಡ್ಡಹೆಸರಿನವರು ಹಲವರಿದ್ದಾರೆ. ಬಿಡುಗಡೆಯ ನಂತರ ಅನೇಕರು ಹಳೆಯ ಯಜಮಾನರ ಅಡ್ಡಹೆಸರನ್ನೇ ಇಟ್ಟುಕೊಂಡಿದ್ದರು.

ಮನೆ ಸರಿಯುವ ಸುದ್ದಿ ಬಂದಾಗ, ಕುಟುಂಬದ ನಂಟರಾದ ಚಲನಚಿತ್ರ ವಿಮರ್ಶಕ ಗಾಡ್‌ಫ್ರಿ ಚೆಷರ್ ಅದನ್ನು ಚಿತ್ರೀಕರಿಸತೊಡಗಿದರು. ಹಾಗೆ ಬಂದದ್ದು 2007ರ 'ಮೂವಿಂಗ್ ಮಿಡ್‌ವೇ' ಎಂಬ ಸಾಕ್ಷ್ಯಚಿತ್ರ. ಅವರ ಜೊತೆಗೂಡಿದವರು ನ್ಯೂಯಾರ್ಕ್ ವಿಶ್ವವಿದ್ಯಾನಿಲಯದ ಇತಿಹಾಸಕಾರ ರಾಬರ್ಟ್ ಹಿಂಟನ್. ರಾಬರ್ಟ್ ಆಫ್ರಿಕನ್-ಅಮೆರಿಕನ್; ಅವರ ಅಜ್ಜ ಹಿಂಟನ್ ಕುಟುಂಬದ ಪ್ಲಾಂಟೇಷನ್ನಿನಲ್ಲಿ ಗುಲಾಮರಾಗಿ ಹುಟ್ಟಿದವರು. ಚಿತ್ರ ತಯಾರಾಗುತ್ತಿದ್ದಂತೆ ಇನ್ನೊಂದು ಸತ್ಯ ಹೊರಬಿತ್ತು. ಹಿಂಟನ್ ಯಜಮಾನನೊಬ್ಬನಿಗೂ ಒಬ್ಬ ಗುಲಾಮ ಹೆಣ್ಣುಮಗಳಿಗೂ ಹುಟ್ಟಿದ ಸಂತತಿ ಬೆಳೆದು ದೊಡ್ಡ ವಂಶವಾಗಿತ್ತು. ಬಿಳಿಯ ಹಿಂಟನ್ನರಿಗೆ ತಮಗೆ ಅಷ್ಟೊಂದು ಕಪ್ಪು ದಾಯಾದಿಗಳಿದ್ದಾರೆಂದು ತಿಳಿದಿರಲಿಲ್ಲ.

ಇಲ್ಲಿ ಒಂದು ವಿಚಿತ್ರವಿದೆ. ಮನೆ ಇದ್ದಲ್ಲೇ ಇದ್ದ 157 ವರ್ಷ ಈ ಕಥೆಗಳು ಒಂದೆಡೆ ಸೇರಿರಲಿಲ್ಲ. ಅದು ಅಲುಗಿದಾಗ ಸೇರಿದವು. ಸರಿಸುವುದರಿಂದ ನಷ್ಟವೇ ಹೊರತು ಲಾಭವಿಲ್ಲ ಎಂದು ನಾನು ಹೇಳಲಾರೆ. ಸರಿಸದಿದ್ದರೆ ಮನೆಯೂ ಉಳಿಯುತ್ತಿರಲಿಲ್ಲವೇನೋ. ಆದರೆ ಬಿಡುವ ಜಾಗವನ್ನು ಅಗೆದು, ಅಳೆದು, ಬರೆದಿಟ್ಟು ಹೊರಡುವುದಕ್ಕೂ, ಸುಂದರ ಮನೆಯೊಂದನ್ನು ಉಳಿಸಿದೆವು ಎಂದು ಹೊರಡುವುದಕ್ಕೂ ಬಹಳ ಅಂತರವಿದೆ. ಜಾಕು ಎತ್ತುವುದು ಯಜಮಾನನ ಮನೆಯನ್ನು ಮಾತ್ರ. ಉಳಿದವರದನ್ನು ಎತ್ತಿಕೊಳ್ಳಬೇಕಾದವರು ನಾವು.

ತರಗತಿಯಲ್ಲಿ ಮಾಡಿ ನೋಡಿ

ಶಿಕ್ಷಕರು ಈ ಪಾಠವನ್ನು ಎರಡು ಸಣ್ಣ ಪ್ರಯೋಗಗಳಿಂದ ಮಾಡಬಹುದು. ಮುಚ್ಚಳ ತೆಗೆದ ಚಪ್ಪಲಿ ಡಬ್ಬಿಯೊಂದನ್ನು ನಾಲ್ಕು ಮೂಲೆಗಳಲ್ಲಿ ನಾಲ್ಕು ಬೆಂಕಿಪೊಟ್ಟಣಗಳ ಮೇಲಿಟ್ಟು, ಒಳಗೆ ನಾಲ್ಕಾರು ಪುಸ್ತಕ ತುಂಬಿ. ಒಂದು ಬೆಂಕಿಪೊಟ್ಟಣವನ್ನು ತೆಗೆಯಿರಿ. ಡಬ್ಬಿ ತಿರುಚುವುದು, ಬದಿಯ ರಟ್ಟು ಓರೆಯಾಗುವುದು ಕಾಣುತ್ತದೆ. ಈಗ ಆಧಾರಗಳನ್ನು ಮೂರೇ ಮಾಡಿ, ಒಂದರ ಎತ್ತರ ಬದಲಿಸಿ. ಡಬ್ಬಿ ವಾಲುತ್ತದೆ, ಆದರೆ ತಿರುಚುವುದಿಲ್ಲ.

ಎರಡನೆಯದು ಶಾಲೆಯ ಹೊರಗಿನದು. ನಿಮ್ಮ ಊರಿನ ಒಂದು ಹಳೆಯ ಕಟ್ಟಡವನ್ನು ಆರಿಸಿ. ಅದನ್ನು ನಾಳೆ ಇನ್ನೊಂದು ಕಡೆಗೆ ಸಾಗಿಸುತ್ತಾರೆ ಎಂದುಕೊಂಡು ವಿದ್ಯಾರ್ಥಿಗಳು ಎರಡು ಪಟ್ಟಿ ಬರೆಯಲಿ. ಮೊದಲನೆಯದರಲ್ಲಿ ಕಟ್ಟಡದ ಜೊತೆ ಹೋಗುವಂಥವು, ಎರಡನೆಯದರಲ್ಲಿ ಹಿಂದೆ ಉಳಿಯುವಂಥವು. ಬಾವಿ, ಕಾಲುದಾರಿ, ಮರ, ಕಣ, ಆಳುಗಳಿದ್ದ ಕೊಟ್ಟಿಗೆ, ಗೋಡೆ ಕಟ್ಟಿದವರ ಮೊಮ್ಮಕ್ಕಳು ಇರುವ ಕೇರಿ, ಇವೆಲ್ಲ ಎರಡನೆಯ ಪಟ್ಟಿಗೆ ಬರುತ್ತವೆ. ಆ ಪಟ್ಟಿಯಲ್ಲಿರುವ ಹಿರಿಯರೊಬ್ಬರನ್ನು ಮಾತನಾಡಿಸಿ ಬರೆದುಕೊಳ್ಳುವುದರಿಂದ ಕೆಲಸ ಶುರುವಾಗಲಿ. ಕಟ್ಟಡ ಸರಿಯುವವರೆಗೂ ಕಾಯಬೇಕಾಗಿಲ್ಲ.